ಹಳ್ಳಿ ಮನೆಗೆ ನೆಚ್ಚಿಕೊಳ್ಳುವಂಥ ಇಂಟರ್ನೆಟ್: ಕಂಪನಿ ಬದಲಿಸುವ ಮುಂಚೆ ಇಷ್ಟು ಮಾಡಿ

"ನಮ್ಮ ಕಡೆ ಯಾವ ನೆಟ್ ಚೆನ್ನಾಗಿ ಬರುತ್ತೆ?" ಊರಿಂದ ಆಚೆ ಮನೆ ಇರುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ದೂರದಲ್ಲಿ ಕೂತು ಇದಕ್ಕೆ ಉತ್ತರ ಹೇಳುವುದು ಕಷ್ಟ. ಪಟ್ಟಣದಲ್ಲಾದರೆ ಪಕ್ಕದ ಮನೆಗೆ ಬಂದದ್ದು ಸಾಮಾನ್ಯವಾಗಿ ನಿಮಗೂ ಬರುತ್ತದೆ. ಹಳ್ಳಿಯಲ್ಲಿ ನಡುವೆ ಒಂದು ದಿಬ್ಬವೋ ನಾಲ್ಕು ದೊಡ್ಡ ಮರವೋ ಇದ್ದರೆ ಲೆಕ್ಕವೇ ಬದಲಾಗುತ್ತದೆ. ಹಾಗಾಗಿ ಉತ್ತರವನ್ನು ನಿಮ್ಮ ಮನೆಯಲ್ಲೇ ಹುಡುಕಬೇಕು. ಹುಡುಕುವುದು ಹೇಗೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಬಹಳ ಜನ ಮಾಡುವುದು ಹೀಗೆ. ನೆಟ್ ನಿಧಾನ ಅಂತ ಮೊದಲು ದುಬಾರಿ ಪ್ಲಾನ್ ತೆಗೆದುಕೊಳ್ಳುತ್ತಾರೆ. ಆಮೇಲೆ ಹೊಸ ರೌಟರ್. ಆಮೇಲೆ ಬೇರೆ ಕಂಪನಿ. ಸಂಜೆ ಎಂಟಕ್ಕೆ ಮತ್ತದೇ ಗೋಳು. ತೊಂದರೆ ಎಲ್ಲಿದೆ ಅಂತ ಯಾರೂ ನೋಡಿರುವುದೇ ಇಲ್ಲ. ನಿಮ್ಮ ಫೋನಿನಿಂದ ಹೊರಟ ಡೇಟಾ ಮೂರು ತುಂಡು ದಾರಿ ದಾಟಬೇಕು. ಮೊದಲನೆಯದು ಮನೆಯೊಳಗಿನ ವೈಫೈ. ಎರಡನೆಯದು ಮನೆಯಿಂದ ಟವರ್ ಅಥವಾ ಕಂಬದವರೆಗಿನ ದಾರಿ. ಮೂರನೆಯದು ಅಲ್ಲಿಂದಾಚೆ ಕಂಪನಿಯವರ ಜಾಲ. ಮೊದಲನೆಯದನ್ನು ನೀವೇ ಸರಿ ಮಾಡಬಹುದು. ಎರಡನೆಯದನ್ನು ಅರ್ಧ ನೀವು, ಅರ್ಧ ಅವರು. ಮೂರನೆಯದಕ್ಕೆ ದೂರು ಕೊಡಬೇಕು, ಇಲ್ಲವೇ ಬೇರೆ ದಾರಿ ಹಿಡಿಯಬೇಕು. ಯಾವ ತುಂಡು ಕೆಟ್ಟಿದೆ ಅಂತ ತಿಳಿಯುವ ತನಕ ಒಂದು ಪೈಸೆಯನ್ನೂ ಬಿಚ್ಚಬೇಡಿ.

ಮೊದಲು ಬೇಕಾಗುವ ಸಾಮಾನು

ಒಂದು ಲ್ಯಾಪ್‌ಟಾಪ್, ಒಂದು ಲ್ಯಾನ್ ಕೇಬಲ್, ಒಂದು ಸ್ಮಾರ್ಟ್‌ಫೋನ್, ಬರೆದಿಡಲು ಒಂದು ಪುಸ್ತಕ. ಲ್ಯಾಪ್‌ಟಾಪ್‌ನಲ್ಲಿ ಲ್ಯಾನ್ ಕಿಂಡಿ ಇಲ್ಲದಿದ್ದರೆ ಯುಎಸ್‌ಬಿಗೆ ಹಾಕುವ ಚಿಕ್ಕ ಅಡಾಪ್ಟರ್ ಸಿಗುತ್ತದೆ.

ಕೆಲವು ಮಾತುಗಳ ಪರಿಚಯವೂ ಬೇಕು. ಎಂಬಿಪಿಎಸ್ ಅಂದರೆ ಒಂದು ಸೆಕೆಂಡಿಗೆ ಎಷ್ಟು ಮೆಗಾಬಿಟ್ ಬರುತ್ತದೆ ಅನ್ನುವ ಲೆಕ್ಕ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 40 ಎಂಬಿಪಿಎಸ್ ಲೈನಿನಲ್ಲಿ ಫೈಲ್ ಇಳಿಯುವುದು ಸೆಕೆಂಡಿಗೆ ಹೆಚ್ಚೆಂದರೆ 5 ಮೆಗಾಬೈಟ್. ಇದು ಮೋಸ ಅಲ್ಲ, ಅಳತೆ ಬೇರೆ ಅಷ್ಟೇ. ಲೇಟೆನ್ಸಿ ಅಂದರೆ ಒಂದು ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಸಮಯ. ಇದನ್ನು ಮಿಲಿಸೆಕೆಂಡಿನಲ್ಲಿ ಅಳೆಯುತ್ತಾರೆ. ಪ್ಯಾಕೆಟ್ ಲಾಸ್ ಅಂದರೆ ದಾರಿಯಲ್ಲಿ ಕಳೆದುಹೋದ ಡೇಟಾ ತುಣುಕುಗಳು.

ಜಾಹೀರಾತುಗಳು ಹೇಳುವುದು ಎಂಬಿಪಿಎಸ್ ಮಾತ್ರ. ಆದರೆ ಒಂದು ಎಚ್‌ಡಿ ವಿಡಿಯೋ ಕರೆಗೆ ಹೋಗುವುದಕ್ಕೂ ಬರುವುದಕ್ಕೂ 4 ಎಂಬಿಪಿಎಸ್ ಇದ್ದರೆ ಸಾಕು. 4ಕೆ ಸಿನಿಮಾ ನೋಡಲು 25 ಸಾಕು. ಕರೆ ಕಟ್ಟಾಗುವುದು, ಮುಖ ಹೆಪ್ಪುಗಟ್ಟುವುದು, ಪರೀಕ್ಷೆಯ ನಡುವೆ ಪುಟ ನಿಂತುಹೋಗುವುದು ಇವೆಲ್ಲ ಹೆಚ್ಚಾಗಿ ಲೇಟೆನ್ಸಿ ಮತ್ತು ಪ್ಯಾಕೆಟ್ ಲಾಸ್‌ನ ಕೆಲಸ. ಅಲುಗಾಡದ 20 ಎಂಬಿಪಿಎಸ್ ಮುಂದೆ ಬಂದು ಹೋಗುವ 100 ಎಂಬಿಪಿಎಸ್ ಏನೂ ಅಲ್ಲ.

ಹಂತ 1: ಯಾವ ತುಂಡು ಕೆಟ್ಟಿದೆ ನೋಡಿ

ವೈಫೈಗೆ ಸೇರಿದ ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಪ್ರಾಂಪ್ಟ್, ಅಂದರೆ ಆದೇಶ ಬರೆಯುವ ಕಿಟಕಿ, ತೆರೆಯಿರಿ. ಮ್ಯಾಕ್ ಅಥವಾ ಲಿನಕ್ಸ್ ಆದರೆ ಟರ್ಮಿನಲ್. ಒಂದು ಕಿಟಕಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಪಿಂಗ್ (ping, ಅಂದರೆ ಚಿಕ್ಕ ಸಂದೇಶ ಕಳಿಸಿ ಉತ್ತರ ಬರುತ್ತದಾ ಅಂತ ನೋಡುವ ಆದೇಶ) ಅಂತ ಬರೆದು, ಜಾಗ ಬಿಟ್ಟು, ನಿಮ್ಮ ರೌಟರ್ ವಿಳಾಸ ಹಾಕಿ. ಹೆಚ್ಚಿನ ರೌಟರ್‌ಗಳಲ್ಲಿ ಅದು 192.168.1.1 ಅಥವಾ 192.168.0.1 ಇರುತ್ತದೆ. ರೌಟರ್‌ನ ಬೆನ್ನ ಮೇಲೆ ಬರೆದಿರುತ್ತಾರೆ. ಇನ್ನೊಂದು ಕಿಟಕಿಯಲ್ಲಿ ಅದೇ ರೀತಿ 8.8.8.8ಕ್ಕೆ ಪಿಂಗ್ ಕೊಡಿ. ಇದು ಗೂಗಲ್‌ನ ಸರ್ವರ್, ಯಾವಾಗಲೂ ಎದ್ದಿರುತ್ತದೆ. ವಿಂಡೋಸ್‌ನಲ್ಲಿ ಪಿಂಗ್ ನಾಲ್ಕೇ ಸಲ ಓಡಿ ನಿಲ್ಲುತ್ತದೆ. ಕೊನೆಯಲ್ಲಿ ಜಾಗ ಬಿಟ್ಟು ಮೈನಸ್ ಚಿಹ್ನೆ ಮತ್ತು ಟಿ ಅಕ್ಷರ (-t) ಸೇರಿಸಿದರೆ ನೀವು ನಿಲ್ಲಿಸುವ ತನಕ ಓಡುತ್ತದೆ. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ ಒತ್ತಿ.

ಎರಡೂ ಕಿಟಕಿ ಹತ್ತು ನಿಮಿಷ ಓಡಲಿ. ಈಗ ಓದುವುದು ಹೀಗೆ.

ರೌಟರ್‌ಗೆ ಹೋದ ಪಿಂಗ್‌ಗಳೇ ತಪ್ಪುತ್ತಿದ್ದರೆ, ಅಥವಾ 3 ಮಿಲಿಸೆಕೆಂಡ್ ಇದ್ದದ್ದು ಆಗಾಗ 200ಕ್ಕೆ ಹಾರುತ್ತಿದ್ದರೆ, ಕೆಟ್ಟಿರುವುದು ನಿಮ್ಮ ವೈಫೈ. ಕಂಪನಿಯವರನ್ನು ಬೈಯುವುದು ಬಿಟ್ಟು ಹಂತ 2ಕ್ಕೆ ಹೋಗಿ.

ರೌಟರ್ ಕಿಟಕಿ ಸರಿಯಾಗಿದ್ದು 8.8.8.8 ಮಾತ್ರ ತಪ್ಪುತ್ತಿದ್ದರೆ, ತೊಂದರೆ ಮನೆಯಿಂದ ಆಚೆ ಇದೆ.

ಎರಡೂ ಸರಿಯಿದ್ದು ಪುಟಗಳು ಮಾತ್ರ ತೆರೆಯದಿದ್ದರೆ ಡಿಎನ್‌ಎಸ್ ಮೇಲೆ ಅನುಮಾನ ಪಡಿ. ಡಿಎನ್‌ಎಸ್ ಅಂದರೆ ಜಾಲತಾಣದ ಹೆಸರನ್ನು ಅಂಕಿಯ ವಿಳಾಸಕ್ಕೆ ಬದಲಿಸುವ ವ್ಯವಸ್ಥೆ. ರೌಟರ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ 1.1.1.1 ಅಥವಾ 8.8.8.8 ಹಾಕಿ ನೋಡಿ. ಖರ್ಚಿಲ್ಲದ ಚಿಕಿತ್ಸೆ.

ಆಮೇಲೆ ಲ್ಯಾನ್ ಕೇಬಲ್ಲಿನಿಂದ ಲ್ಯಾಪ್‌ಟಾಪನ್ನು ನೇರ ರೌಟರ್‌ಗೆ ಸಿಕ್ಕಿಸಿ. ವೈಫೈ ಆಫ್ ಮಾಡಿ. ಸ್ಪೀಡ್ ಟೆಸ್ಟ್ ಮಾಡಿ. ಬೆಳಗಿನ ಜಾವ, ಮಧ್ಯಾಹ್ನ, ರಾತ್ರಿ ಎಂಟರಿಂದ ಹತ್ತರ ನಡುವೆ, ಹೀಗೆ ದಿನಕ್ಕೆ ಮೂರು ಸಲ. ಒಂದು ವಾರ ಬರೆದಿಡಿ. ಮಳೆ ಇತ್ತಾ, ಕರೆಂಟ್ ಇತ್ತಾ ಅನ್ನುವುದನ್ನೂ ಪಕ್ಕದಲ್ಲಿ ಗುರುತು ಮಾಡಿ. ಈ ಪಟ್ಟಿ ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಮುಂದಿನ ಎಲ್ಲ ತೀರ್ಮಾನ ಇದರ ಮೇಲೇ ನಿಂತಿದೆ. ರಾತ್ರಿ ಮಾತ್ರ ಕುಸಿದರೆ ಜನ ಜಾಸ್ತಿಯಾಗಿ ದಾರಿ ತುಂಬಿದೆ ಅಂತ ಅರ್ಥ. ಮಳೆಗೆ ಕುಸಿದರೆ ತಂತಿಯ ಜೋಡಣೆಗೆ ನೀರು ಹೊಕ್ಕಿರಬಹುದು, ಅಥವಾ ಒದ್ದೆ ಎಲೆಗಳು ಸಿಗ್ನಲ್ ನುಂಗುತ್ತಿರಬಹುದು. ಹೊತ್ತುಗೊತ್ತಿಲ್ಲದೆ ಕಟ್ಟಾಗುತ್ತಿದ್ದರೆ ಕರೆಂಟು ಅಥವಾ ಕೇಬಲ್ ನೋಡಿ. ತಿಂಗಳ ಕೊನೆಯ ವಾರ ಮಾತ್ರ ನಿಧಾನವಾದರೆ ನಿಮ್ಮ ಪ್ಲಾನಿನ ಸಣ್ಣ ಅಕ್ಷರ ಓದಿ. "ಅನಿಯಮಿತ" ಅಂತ ಮಾರಿದ ಎಷ್ಟೋ ಪ್ಲಾನ್‌ಗಳು ಒಂದು ಮಿತಿ ದಾಟಿದ ಮೇಲೆ ವೇಗ ಇಳಿಸುತ್ತವೆ.

ಎಚ್ಚರಿಕೆ: ಫೋನ್ ಹಿಡಿದು ಹಾಸಿಗೆ ಮೇಲೆ ಕೂತು ಮಾಡಿದ ಸ್ಪೀಡ್ ಟೆಸ್ಟ್ ಲೆಕ್ಕಕ್ಕಿಲ್ಲ. ಅದು ವೈಫೈಯನ್ನೂ ಲೈನನ್ನೂ ಕಲಸಿ ತೋರಿಸುತ್ತದೆ.

ಹಂತ 2: ಮನೆಯೊಳಗಿನ ವೈಫೈ ಸರಿ ಮಾಡಿ

ಪಟ್ಟಣದ ಅಪಾರ್ಟ್‌ಮೆಂಟ್‌ನಲ್ಲಿ ನೆರೆಯವರ ವೈಫೈಗಳು ಒಂದರ ಮೇಲೊಂದು ಬೀಳುವುದೇ ದೊಡ್ಡ ತಲೆನೋವು. ಹಳ್ಳಿಯಲ್ಲಿ ಆ ಕಾಟ ಕಡಿಮೆ. ಇಲ್ಲಿ ಶತ್ರು ದಪ್ಪ ಗೋಡೆ, ತಗಡಿನ ಮಾಡು ಮತ್ತು ದೂರ. ಹಾಗಾಗಿ ಚಾನೆಲ್, ಅಂದರೆ ವೈಫೈ ಅಲೆ ಹರಿಯುವ ಓಣಿ, ಬದಲಿಸುವ ಸಲಹೆಗಳಿಂದ ನಿಮಗೆ ಹೆಚ್ಚೇನೂ ಸಿಗುವುದಿಲ್ಲ.

ರೌಟರ್ ಮನೆಯ ನಡುವೆ, ತಲೆಯ ಎತ್ತರದಲ್ಲಿ, ಬಯಲಿಗೆ ಇರಲಿ. ಟಿವಿ ಹಿಂದೆ, ಕಬ್ಬಿಣದ ಬೀರು ಪಕ್ಕ, ಫ್ರಿಜ್ ಮೇಲೆ ಬೇಡ. 2.4 ಗಿಗಾಹರ್ಟ್ಸ್ ವೈಫೈ ಗೋಡೆ ದಾಟುತ್ತದೆ, ವೇಗ ಕಡಿಮೆ. 5 ಗಿಗಾಹರ್ಟ್ಸ್ ವೇಗ, ಆದರೆ ಎರಡು ದಪ್ಪ ಗೋಡೆಗೇ ಸುಸ್ತಾಗುತ್ತದೆ. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟರೆ ಯಾವುದಕ್ಕೆ ಸಿಕ್ಕಿಸಿದ್ದೀರಿ ಅಂತ ನಿಮಗೆ ಗೊತ್ತಿರುತ್ತದೆ.

ಸಿಮ್ ಹಾಕುವ ರೌಟರ್ ಇದ್ದವರಿಗೆ ಒಂದು ಇಕ್ಕಟ್ಟು ಇದೆ. ಟವರ್ ಸಿಗ್ನಲ್ ಚೆನ್ನಾಗಿ ಸಿಗುವುದು ಅಟ್ಟದ ಕಿಟಕಿಯಲ್ಲಿ, ವೈಫೈ ಬೇಕಿರುವುದು ಕೆಳಗಿನ ಕೋಣೆಯಲ್ಲಿ. ಎರಡನ್ನೂ ಒಂದೇ ಡಬ್ಬಿಯಿಂದ ಮಾಡಿಸಲು ಹೋಗಿ ಜನ ಎರಡನ್ನೂ ಕೆಡಿಸಿಕೊಳ್ಳುತ್ತಾರೆ. ಸಿಮ್ ರೌಟರನ್ನು ಸಿಗ್ನಲ್ ಇರುವಲ್ಲೇ ಬಿಡಿ. ಅಲ್ಲಿಂದ ಲ್ಯಾನ್ ಕೇಬಲ್ ಎಳೆದು, ಕೆಳಗೆ ಇನ್ನೊಂದು ಸಾಧಾರಣ ವೈಫೈ ಡಬ್ಬಿಯನ್ನು ಆಕ್ಸೆಸ್ ಪಾಯಿಂಟ್ ಆಗಿ ಇಡಿ. ಆಕ್ಸೆಸ್ ಪಾಯಿಂಟ್ ಅಂದರೆ ಕೇಬಲ್ಲಿನಲ್ಲಿ ಬಂದ ನೆಟ್ ಅನ್ನು ವೈಫೈ ಮಾಡಿ ಹಂಚುವ ಡಬ್ಬಿ. ಹಳೆಯ ರೌಟರ್ ಮೂಲೆಯಲ್ಲಿ ಬಿದ್ದಿದ್ದರೆ ಅದರ ಸೆಟ್ಟಿಂಗ್‌ನಲ್ಲಿ ಈ ಆಯ್ಕೆ ಹುಡುಕಿ. ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ಯಾವ ತಕರಾರೂ ಇಲ್ಲದೆ ಕೆಲಸ ಮಾಡುತ್ತದೆ.

ಗೋಡೆಗೆ ಸಿಕ್ಕಿಸುವ ಅಗ್ಗದ ವೈಫೈ ಎಕ್ಸ್‌ಟೆಂಡರ್ ಕೊನೆಯ ಆಯ್ಕೆಯಾಗಿರಲಿ. ಅದು ಒಂದೇ ರೇಡಿಯೋದಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳಬೇಕು. ವೇಗ ಅರ್ಧಕ್ಕೆ ಇಳಿಯುತ್ತದೆ.

ಹಂತ 3: ನಿಮ್ಮ ಮನೆಗೆ ಯಾವ ದಾರಿಗಳಿವೆ ಪಟ್ಟಿ ಮಾಡಿ

ಫೈಬರ್. ಸಿಗುವುದಾದರೆ ಬೇರೆ ಯೋಚನೆಯೇ ಬೇಡ. ಗಾಜಿನ ಎಳೆಯಲ್ಲಿ ಬೆಳಕು ಹೋಗುತ್ತದೆ. ದೂರ ಜಾಸ್ತಿಯಾದರೂ ವೇಗ ಬೀಳುವುದಿಲ್ಲ. ಆದರೆ ಹಳ್ಳಿಯ ಫೈಬರ್‌ಗೆ ಅದರದೇ ರೋಗಗಳಿವೆ. ಕಂಬದಿಂದ ಕಂಬಕ್ಕೆ ಜೋತುಬಿದ್ದ ಕೇಬಲ್ ಎತ್ತರದ ಲಾರಿಗೆ ಸಿಕ್ಕಿ ಹರಿಯುತ್ತದೆ, ಕೊಂಬೆ ಬಿದ್ದು ತುಂಡಾಗುತ್ತದೆ, ಇಲಿ ಕಡಿಯುತ್ತದೆ. ಮನೆಯ ಫೈಬರ್ ಡಬ್ಬಿಯ ಸೆಟ್ಟಿಂಗ್ ಪುಟದಲ್ಲಿ ಬರುವ ಬೆಳಕಿನ ಬಲ ಎಷ್ಟು ಅಂತ ಕಾಣುತ್ತದೆ. ಅದನ್ನು ಡಿಬಿಎಂ ಎಂಬ ಅಳತೆಯಲ್ಲಿ, ಮೈನಸ್ ಅಂಕಿಯಾಗಿ ತೋರಿಸುತ್ತಾರೆ. ಮೈನಸ್ 15ರಿಂದ ಮೈನಸ್ 25ರ ನಡುವೆ ಇದ್ದರೆ ನೆಮ್ಮದಿ. ಮೈನಸ್ 27ರ ಹತ್ತಿರ ಹೋದರೆ ಎಲ್ಲೋ ಕೇಬಲ್ ಮಡಚಿದೆ, ಕನೆಕ್ಟರ್ ಕೊಳೆಯಾಗಿದೆ ಅಥವಾ ಜೋಡಣೆ ಸಡಿಲವಾಗಿದೆ. ಸಂಪರ್ಕ ಹಾಕಿದ ದಿನವೇ ಈ ಅಂಕಿ ಬರೆದಿಟ್ಟುಕೊಂಡರೆ ಮುಂದೆ ಜಗಳಕ್ಕೆ ಸಾಕ್ಷಿ ಇರುತ್ತದೆ. ಕೇಬಲ್ಲನ್ನು ಬಾಗಿಲ ಸಂದಿಯಲ್ಲಿ ಗಟ್ಟಿಯಾಗಿ ಮಡಚಬೇಡಿ. ಬಿಚ್ಚಿದ ಫೈಬರ್ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ. ಅದರಲ್ಲಿರುವ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಹಾನಿ ಮಾತ್ರ ಮಾಡಬಹುದು.

ಹಳೇ ಫೋನ್ ತಂತಿ. ಡಿಎಸ್‌ಎಲ್ ಅಂತ ಕರೆಯುವುದು ಇದನ್ನೇ. ಟೆಲಿಫೋನ್ ವಿನಿಮಯ ಕೇಂದ್ರದಿಂದ ತಂತಿ ಉದ್ದವಾದಷ್ಟೂ ವೇಗ ಇಳಿಯುತ್ತದೆ. 5 ಕಿಲೋಮೀಟರ್ ದಾಟಿದರೆ ದೊಡ್ಡ ಆಸೆ ಇಟ್ಟುಕೊಳ್ಳಬೇಡಿ. ಫೋನ್ ಎತ್ತಿದಾಗ ಕರಕರ ಸದ್ದು ಬಂದರೆ ಜೋಡಣೆ ಕೆಟ್ಟಿದೆ. ದೂರು ಕೊಡುವಾಗ "ನೆಟ್ ನಿಧಾನ" ಅನ್ನಬೇಡಿ, "ಫೋನಿನಲ್ಲಿ ಸದ್ದು ಬರುತ್ತಿದೆ" ಅನ್ನಿ. ಲೈನ್‌ಮನ್ ಬೇಗ ಬರುತ್ತಾನೆ.

ಬಯಲು ರೇಡಿಯೋ. ಎತ್ತರದ ಕಂಬದಿಂದ ನಿಮ್ಮ ಮಾಡಿನ ಮೇಲಿನ ಡಿಶ್‌ಗೆ ನೇರ ರೇಡಿಯೋ ಸಂಪರ್ಕ. ಫಿಕ್ಸೆಡ್ ವೈರ್‌ಲೆಸ್ ಅನ್ನುತ್ತಾರೆ. ಒಳ್ಳೆಯ ಸ್ಥಳೀಯ ಕಂಪನಿ ನಡೆಸಿದರೆ ಫೈಬರ್ ಬಿಟ್ಟರೆ ಇದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಆದರೆ ನೇರ ನೋಟ ಬೇಕು. ಕಂಬ ಕಣ್ಣಿಗೆ ಕಂಡರೆ ಸಾಕು ಅಂದುಕೊಳ್ಳಬೇಡಿ. ರೇಡಿಯೋ ಅಲೆ ಗೆರೆಯಂತೆ ಹೋಗುವುದಿಲ್ಲ, ನಡುವೆ ಉಬ್ಬಿಕೊಂಡು ಹೋಗುತ್ತದೆ. ಈ ಉಬ್ಬಿದ ಜಾಗವನ್ನು ಫ್ರೆನೆಲ್ ವಲಯ ಅನ್ನುತ್ತಾರೆ. 5 ಕಿಲೋಮೀಟರ್ ದೂರ, 5 ಗಿಗಾಹರ್ಟ್ಸ್ ರೇಡಿಯೋ ಆದರೆ ನಟ್ಟನಡುವೆ ಅದರ ತ್ರಿಜ್ಯ ಸುಮಾರು 8.7 ಮೀಟರ್. ಅದರಲ್ಲಿ ಕನಿಷ್ಠ ಶೇಕಡ 60 ಖಾಲಿ ಇರಬೇಕು. ಅಂದರೆ ಮರದ ತುದಿ ನೋಟದ ಗೆರೆಗಿಂತ 5 ಮೀಟರ್‌ಗೂ ಹೆಚ್ಚು ಕೆಳಗಿರಬೇಕು. ಮರ ಬೆಳೆಯುತ್ತದೆ ಅನ್ನುವುದು ನೆನಪಿರಲಿ. ಎಲೆ ಉದುರಿದ ಕಾಲದಲ್ಲಿ ಹಾಕಿಸಿದ ಡಿಶ್ ಚಿಗುರಿನ ಕಾಲಕ್ಕೆ ಸೋಲುವುದು ಮಾಮೂಲು.

ಉಪಗ್ರಹ. ಇದರಲ್ಲಿ ಎರಡು ಜಾತಿ. ಹಳೆಯದು ಭೂಸ್ಥಿರ ಉಪಗ್ರಹ, 35,786 ಕಿಲೋಮೀಟರ್ ಎತ್ತರದಲ್ಲಿ ಒಂದೇ ಕಡೆ ನಿಂತಂತೆ ಕಾಣುತ್ತದೆ. ಪ್ರಶ್ನೆ ಮೇಲೆ ಹೋಗಿ ಇಳಿದು, ಉತ್ತರ ಮತ್ತೆ ಮೇಲೆ ಹೋಗಿ ಇಳಿಯಬೇಕು. ಬೆಳಕಿನ ವೇಗದಲ್ಲೇ ಹೋದರೂ ಅರ್ಧ ಸೆಕೆಂಡಿನ ಹತ್ತಿರ ಬೇಕು. ಯಾವ ಪ್ಲಾನ್ ಕೊಂಡರೂ ಇದು ತಪ್ಪುವುದಿಲ್ಲ. ಸಿನಿಮಾಕ್ಕೆ ಸರಿ, ಮಾತಿಗೆ ಕಿರಿಕಿರಿ. ಹೊಸ ಜಾತಿ ಸ್ಟಾರ್‌ಲಿಂಕ್‌ನಂಥದ್ದು. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸಾವಿರಾರು ಉಪಗ್ರಹಗಳು ಓಡುತ್ತಿರುತ್ತವೆ. ಲೇಟೆನ್ಸಿ ಬಹಳ ಕಡಿಮೆ, ವಿಡಿಯೋ ಕರೆ ಸಲೀಸು. ಆದರೆ ಉಪಗ್ರಹಗಳು ಚಲಿಸುವುದರಿಂದ ಆಕಾಶದ ದೊಡ್ಡ ಭಾಗ ಬಯಲಾಗಿರಬೇಕು. ಒಂದು ಮೂಲೆಯಲ್ಲಿ ಒಂದು ಮರ ಅಡ್ಡ ಇದ್ದರೂ ಮತ್ತೆ ಮತ್ತೆ ಕೆಲವು ಸೆಕೆಂಡು ಕಟ್ಟಾಗುತ್ತದೆ. ಸ್ಟಾರ್‌ಲಿಂಕ್ ಆ್ಯಪ್‌ನಲ್ಲಿ ಫೋನ್ ಕ್ಯಾಮೆರಾ ಆಕಾಶಕ್ಕೆ ಹಿಡಿದು ಅಡ್ಡಿ ಇದೆಯಾ ಅಂತ ಕೊಳ್ಳುವ ಮುಂಚೆಯೇ ನೋಡಬಹುದು. ಜಡಿಮಳೆಗೆ ಎರಡೂ ಜಾತಿ ಸ್ವಲ್ಪ ಹೊತ್ತು ಮಂಕಾಗುತ್ತವೆ. ನಿಮ್ಮ ದೇಶದಲ್ಲಿ ಸೇವೆಗೆ ಅನುಮತಿ ಇದೆಯಾ ಅನ್ನುವುದನ್ನು ಮೊದಲು ನೋಡಿ.

ಇನ್ನು ಉಳಿದದ್ದು ಮೊಬೈಲ್ ಟವರ್. ಹೆಚ್ಚಿನ ಹಳ್ಳಿ ಮನೆಗಳು ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಅದಕ್ಕೇ ಬೇರೆ ಹಂತ ಮಾಡಿದ್ದೇನೆ.

ಹಂತ 4: ಮೊಬೈಲ್ ಸಿಗ್ನಲ್ ಹಿಡಿಯುವ ಕ್ರಮ

ಫೋನಿನ ಗೀಟುಗಳನ್ನು ನಂಬಬೇಡಿ. ನಾಲ್ಕು ಗೀಟು ಅಂದರೆ ಇಷ್ಟೇ ಸಿಗ್ನಲ್ ಅಂತ ಎಲ್ಲರಿಗೂ ಒಂದೇ ನಿಯಮ ಇಲ್ಲ, ಪ್ರತಿ ಫೋನ್ ಕಂಪನಿ ತನಗೆ ಬೇಕಾದಂತೆ ತೋರಿಸುತ್ತದೆ. ನಿಮಗೆ ಬೇಕಿರುವುದು ಎರಡು ಅಂಕಿ.

ಒಂದು, ಆರ್‌ಎಸ್‌ಆರ್‌ಪಿ. ಟವರಿನಿಂದ ಬರುವ ಸಿಗ್ನಲ್ ಎಷ್ಟು ಗಟ್ಟಿ ಅನ್ನುವ ಅಳತೆ. ಮೈನಸ್ 80 ತುಂಬಾ ಒಳ್ಳೆಯದು, ಮೈನಸ್ 95 ನಡೆಯುತ್ತದೆ, ಮೈನಸ್ 110ಕ್ಕಿಂತ ಕೆಳಗಿಳಿದರೆ ಕಷ್ಟ. ಇಲ್ಲಿ 3 ಇಳಿದರೆ ಬಲ ಅರ್ಧ, 10 ಇಳಿದರೆ ಹತ್ತನೇ ಒಂದು ಭಾಗ.

ಎರಡು, ಎಸ್‌ಐಎನ್‌ಆರ್. ಬೇರೆ ಗದ್ದಲದ ನಡುವೆ ಆ ಸಿಗ್ನಲ್ ಎಷ್ಟು ಸ್ವಚ್ಛವಾಗಿ ಕೇಳಿಸುತ್ತದೆ ಅನ್ನುವ ಅಳತೆ. 20 ದಾಟಿದರೆ ಬಹಳ ಚೆನ್ನ, 10ರ ಆಸುಪಾಸು ಪರವಾಗಿಲ್ಲ, ಸೊನ್ನೆಗಿಂತ ಕೆಳಗೆ ಹೋದರೆ ಗೀಟು ತುಂಬಿದ್ದರೂ ಪುಟ ತೆರೆಯುವುದೇ ಕಷ್ಟ. ಬಹಳ ಜನ ಮೊದಲನೆಯದನ್ನು ಮಾತ್ರ ನೋಡಿ ಆಂಟೆನಾ ತಿರುಗಿಸುತ್ತಾರೆ. ಎರಡನೆಯದಕ್ಕೆ ಬೆಲೆ ಜಾಸ್ತಿ.

ಸಿಮ್ ರೌಟರ್‌ನ ಸೆಟ್ಟಿಂಗ್ ಪುಟದಲ್ಲಿ ಎರಡೂ ಅಂಕಿ ಇರುತ್ತವೆ. ಆಂಡ್ರಾಯ್ಡ್ ಫೋನ್‌ನಲ್ಲಿ ಸೆಟ್ಟಿಂಗ್ಸ್, ಫೋನ್ ಬಗ್ಗೆ, ಸಿಮ್ ಸ್ಥಿತಿ ಎಂಬಲ್ಲಿ ಡಿಬಿಎಂ ಅಂಕಿ, ಅಂದರೆ ಮೊದಲನೆಯದು ಮಾತ್ರ, ಸಿಗುತ್ತದೆ. ಐಫೋನ್‌ನಲ್ಲಿ *3001#12345#* ಒತ್ತಿ ಕರೆ ಗುಂಡಿ ತಟ್ಟಿದರೆ ಫೀಲ್ಡ್ ಟೆಸ್ಟ್ ಪುಟ ತೆರೆಯುತ್ತದೆ.

ಈಗ ಕೆಲಸ ಶುರು.

1. ನಿಮ್ಮ ಜಾಗದಲ್ಲಿ ಸಿಗ್ನಲ್ ಇರುವ ಎಲ್ಲ ಕಂಪನಿಗಳ ಸಿಮ್ ಒಂದೊಂದು ಹೊಂದಿಸಿಕೊಳ್ಳಿ. ನೆಂಟರದ್ದಾದರೂ ಸರಿ, ಒಂದು ಸಂಜೆಗೆ ಸಾಕು. ಒಂದೇ ಫೋನಿಗೆ ಒಂದೊಂದಾಗಿ ಹಾಕಿ ಮನೆಯ ನಾಲ್ಕೂ ಕಡೆ, ಮಾಡಿನ ಮೇಲೆ, ಅಂಗಳದಲ್ಲಿ ಅಳೆಯಿರಿ. ಮಧ್ಯಾಹ್ನದ ಅಂಕಿಗೆ ಮರುಳಾಗಬೇಡಿ. ರಾತ್ರಿ ಒಂಬತ್ತರ ಸ್ಪೀಡ್ ನೋಡಿ ತೀರ್ಮಾನ ಮಾಡಿ.

2. ಗೆದ್ದ ಕಂಪನಿಯ ರೌಟರ್ ಪ್ಲಾನ್ ಬಗ್ಗೆ ವಿಚಾರಿಸಿ. ಫೋನ್ ಸಿಮ್ಮನ್ನು ರೌಟರ್‌ಗೆ ಹಾಕಲು ಕೆಲವರು ಬಿಡುವುದಿಲ್ಲ, ಕೆಲವರು ವೇಗ ಇಳಿಸುತ್ತಾರೆ.

3. ರೌಟರನ್ನು ಟವರ್ ಇರುವ ದಿಕ್ಕಿನ ಕಿಟಕಿಗೆ ಇಟ್ಟು ನೋಡಿ. ಎಷ್ಟೋ ಮನೆಗಳಲ್ಲಿ ಇಷ್ಟಕ್ಕೇ ಕೆಲಸ ಮುಗಿಯುತ್ತದೆ. ತಗಡಿನ ಮಾಡಿನ ಕೆಳಗಿಂದ ಹೊರಗೆ ತಂದರೆ ಸಿಗುವ ಲಾಭ ಯಾವ ದುಬಾರಿ ಆಂಟೆನಾಕ್ಕೂ ಕಡಿಮೆ ಇಲ್ಲ.

4. ಸಾಲದಿದ್ದರೆ ಹೊರಗಿನ ಆಂಟೆನಾ. ಇಲ್ಲಿ ಬಹಳ ಜನ ಬೀಳುವ ಗುಂಡಿ ಕೇಬಲ್. ಆಂಟೆನಾದಿಂದ ಬರುವ ತೆಳು ಕೋಆಕ್ಸಿಯಲ್ ಕೇಬಲ್ ದಾರಿಯುದ್ದಕ್ಕೂ ಸಿಗ್ನಲ್ ತಿನ್ನುತ್ತದೆ. 10 ಮೀಟರ್ ಎಳೆದರೆ ಆಂಟೆನಾ ಗಳಿಸಿದ್ದನ್ನೆಲ್ಲ ಕೇಬಲ್ಲೇ ಕಳೆಯುತ್ತದೆ. ಕೇಬಲ್ ದಪ್ಪ ಇರಲಿ, ಗಿಡ್ಡ ಇರಲಿ. ಅದಕ್ಕಿಂತ ಒಳ್ಳೆಯ ದಾರಿ ಹೊರಗೆ ಕೂರುವ ರೌಟರ್. ಆಂಟೆನಾ, ಮೋಡೆಮ್ ಎರಡೂ ಒಂದೇ ಡಬ್ಬಿಯಲ್ಲಿ ಮಾಡಿನ ಮೇಲಿರುತ್ತವೆ. ಕೆಳಗೆ ಬರುವುದು ಲ್ಯಾನ್ ಕೇಬಲ್ ಒಂದೇ, ಕರೆಂಟ್ ಕೂಡ ಅದರಲ್ಲೇ ಮೇಲೆ ಹೋಗುತ್ತದೆ. ಈ ಏರ್ಪಾಡಿಗೆ ಪಿಒಇ ಅನ್ನುತ್ತಾರೆ.

5. 4ಜಿ ರೌಟರ್‌ಗೆ ಸಾಮಾನ್ಯವಾಗಿ ಆಂಟೆನಾ ಕಿಂಡಿ ಎರಡಿರುತ್ತವೆ. ಎರಡಕ್ಕೂ ಸಿಕ್ಕಿಸಿ. ಒಂದನ್ನೇ ಹಾಕಿದರೆ ಎರಡು ದಾರಿಯಲ್ಲಿ ಬರಬೇಕಿದ್ದ ಡೇಟಾ ಒಂದೇ ದಾರಿಯಲ್ಲಿ ಬರುತ್ತದೆ. ಕೆಲವು ರೌಟರ್‌ಗಳಲ್ಲಿ ಹೊರಗಿನ ಆಂಟೆನಾ ಬಳಸು ಅಂತ ಸೆಟ್ಟಿಂಗ್‌ನಲ್ಲೂ ಹೇಳಬೇಕು.

6. ಒಂದೇ ದಿಕ್ಕಿಗೆ ನೋಡುವ ಆಂಟೆನಾ ಆದರೆ 10–15 ಡಿಗ್ರಿ ತಿರುಗಿಸಿ, ಒಂದು ನಿಮಿಷ ಕಾಯಿರಿ, ಎಸ್‌ಐಎನ್‌ಆರ್ ಬರೆಯಿರಿ, ಸ್ಪೀಡ್ ನೋಡಿ. ಸುತ್ತ ಪೂರ್ತಿ ಬನ್ನಿ. ಹತ್ತಿರದ ಟವರೇ ಗೆಲ್ಲಬೇಕೆಂದಿಲ್ಲ. ಹತ್ತಿರದ್ದರಲ್ಲಿ ಇಡೀ ಊರು ತುಂಬಿಕೊಂಡು, ದೂರದ್ದು ಖಾಲಿ ಇರಬಹುದು.

7. ರೌಟರ್‌ನಲ್ಲಿ ಬ್ಯಾಂಡ್ ಆರಿಸುವ ಅವಕಾಶ ಇದ್ದರೆ ಪ್ರಯೋಗ ಮಾಡಿ. ಬ್ಯಾಂಡ್ ಅಂದರೆ ಟವರ್ ಬಳಸುವ ರೇಡಿಯೋ ಅಲೆಗಳ ಒಂದು ವಿಭಾಗ, ಅದನ್ನು ಮೆಗಾಹರ್ಟ್ಸ್‌ನಲ್ಲಿ ಹೇಳುತ್ತಾರೆ. 700, 800, 900 ಮೆಗಾಹರ್ಟ್ಸ್ ದೂರ ಹೋಗುತ್ತವೆ, ಆದರೆ ಜಾಗ ಕಮ್ಮಿ, ಬೇಗ ತುಂಬುತ್ತವೆ. 1800, 2300 ಮೆಗಾಹರ್ಟ್ಸ್ ಅಷ್ಟು ದೂರ ಬರುವುದಿಲ್ಲ, ಬಂದರೆ ವೇಗ ಜಾಸ್ತಿ. ರೌಟರ್ ತಾನಾಗಿ ಗಟ್ಟಿ ಸಿಗ್ನಲ್ ಇರುವ ಕೆಳ ಬ್ಯಾಂಡಿಗೆ ಅಂಟಿಕೊಂಡಿರುವುದುಂಟು.

"ಸಿಗ್ನಲ್ ಬೂಸ್ಟರ್" ಅಂತ ಮಾರುವ ಡಬ್ಬಿಗಳಿಂದ ದೂರ ಇರಿ. ಕಂಪನಿಯ ಅನುಮತಿ ಇಲ್ಲದೆ ಇವನ್ನು ಹಚ್ಚುವುದು ಹಲವು ದೇಶಗಳಲ್ಲಿ ಕಾನೂನು ಬಾಹಿರ. ಟವರಿನ ಕಿವಿಗೆ ಗದ್ದಲ ತುಂಬಿ ಊರವರ ಕರೆಗಳನ್ನೂ ಕೆಡಿಸುತ್ತವೆ. ಸಂಜೆಯ ನೂಕುನುಗ್ಗಲಿಗಂತೂ ಅವು ಮದ್ದೇ ಅಲ್ಲ.

ಹಂತ 5: ಕರೆಂಟು ಮತ್ತು ಸಿಡಿಲು

ಹಳ್ಳಿಯಲ್ಲಿ ನೆಟ್ ಹೋಗಿದೆ ಅಂದರೆ ಎಷ್ಟೋ ಸಲ ಕರೆಂಟ್ ಮಿಣುಕಿರುತ್ತದೆ. ಒಂದು ಸೆಕೆಂಡು ಹೋಗಿ ಬಂದರೂ ರೌಟರ್ ಎದ್ದು ಸಂಪರ್ಕ ಹಿಡಿಯಲು ಒಂದೆರಡು ನಿಮಿಷ ಬೇಕು. ರೌಟರ್ ಮತ್ತು ಫೈಬರ್ ಡಬ್ಬಿ ಸೇರಿ ತಿನ್ನುವುದು ಕಡಿಮೆ, ಸಾಮಾನ್ಯವಾಗಿ 10ರಿಂದ 25 ವ್ಯಾಟ್. ಅದಕ್ಕೆ ದೊಡ್ಡ ಇನ್ವರ್ಟರ್ ಬೇಡ, 12 ವೋಲ್ಟ್‌ನ ಚಿಕ್ಕ ಡಿಸಿ ಯುಪಿಎಸ್ ಸಾಕು. ಲೆಕ್ಕ ಸುಲಭ. ಬ್ಯಾಟರಿ ಎಷ್ಟು ವ್ಯಾಟ್-ಅವರ್ ಅಂತ ನೋಡಿ, ನಿಮ್ಮ ಡಬ್ಬಿಗಳ ವ್ಯಾಟ್‌ನಿಂದ ಭಾಗಿಸಿ, ಬಂದದ್ದರಲ್ಲಿ ಐದನೇ ಒಂದು ಭಾಗ ಕಳೆಯಿರಿ. ಅಷ್ಟು ಗಂಟೆ ಬರುತ್ತದೆ. ಕೊಳ್ಳುವ ಮುಂಚೆ ರೌಟರ್ ಬೆನ್ನ ಮೇಲೆ 12 ವೋಲ್ಟ್ ಬೇಕೋ 9 ವೋಲ್ಟ್ ಬೇಕೋ ನೋಡಿ. ಪಿನ್ನಿನ ನಡುವೆ ಪ್ಲಸ್ ಇದೆಯೇ ಅಂತಲೂ ನೋಡಿ. ಉಲ್ಟಾ ಹಾಕಿದರೆ ರೌಟರ್ ಸುಟ್ಟುಹೋಗಬಹುದು. ಉಪಗ್ರಹದ ಡಿಶ್ ಇದ್ದವರಿಗೆ ಈ ಪುಟ್ಟ ಯುಪಿಎಸ್ ಸಾಲದು, ಅದರ ಹಸಿವು ಹಲವು ಪಟ್ಟು ಜಾಸ್ತಿ.

ಟವರಿನ ಬ್ಯಾಟರಿ ಸತ್ತರೆ ನಿಮ್ಮ ಯುಪಿಎಸ್ ಏನೂ ಮಾಡಲಾರದು. ಕರೆಂಟ್ ಹೋಗಿ ಎಷ್ಟು ಹೊತ್ತಿಗೆ ಟವರ್ ಮಲಗುತ್ತದೆ ಅಂತ ಹಂತ 1ರ ಪುಸ್ತಕದಲ್ಲಿ ಬರೆದಿಟ್ಟಿದ್ದರೆ ಎಷ್ಟು ದೊಡ್ಡ ಬ್ಯಾಟರಿ ಬೇಕೆಂದು ಗೊತ್ತಾಗುತ್ತದೆ. ಟವರೇ ಎರಡು ಗಂಟೆಗೆ ಮಲಗಿದರೆ ನೀವು ಎಂಟು ಗಂಟೆಯ ಬ್ಯಾಟರಿ ಕೊಂಡು ಏನು ಪ್ರಯೋಜನ, ಅಲ್ವಾ?

ಸಿಡಿಲಿನ ವಿಷಯ ತಮಾಷೆಯದಲ್ಲ. ಮಾಡಿನ ಮೇಲಿನ ಲೋಹದ ಕಂಬಕ್ಕೆ ಅರ್ಥಿಂಗ್ ಇರಲೇಬೇಕು, ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ಏಕಾಏಕಿ ನುಗ್ಗುವ ಕರೆಂಟನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಸಹಾಯ ಮಾಡುತ್ತದೆ, ಪೂರ್ತಿ ಕಾಯುವುದಿಲ್ಲ. ಮೋಡ ಕಟ್ಟುವಾಗಲೇ ಪ್ಲಗ್ಗನ್ನೂ ಹೊರಗಿಂದ ಬರುವ ಕೇಬಲ್ಲನ್ನೂ ಎರಡನ್ನೂ ಕಳಚಿ. ಗುಡುಗು ಶುರುವಾದ ಮೇಲೆ ಮುಟ್ಟಬೇಡಿ. ಫೈಬರ್ ಗಾಜಿನದು, ಸಿಡಿಲು ಹಾಯುವುದಿಲ್ಲ ಅನ್ನುವುದು ನಿಜ. ಆದರೆ ಕಂಬದಿಂದ ಬರುವ ಎಷ್ಟೋ ಫೈಬರ್ ಕೇಬಲ್‌ಗಳಿಗೆ ಆಸರೆಯಾಗಿ ಒಂದು ಉಕ್ಕಿನ ತಂತಿ ಸೇರಿರುತ್ತದೆ. ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹಾಕುವವರಿಗೆ ಹೇಳಿ. ಮನೆಯಿಂದ ದೂರದ ಕೊಟ್ಟಿಗೆಗೋ ಶೆಡ್ಡಿಗೋ ಲ್ಯಾನ್ ಎಳೆಯುವುದಿದ್ದರೂ ತಾಮ್ರದ ಬದಲು ಫೈಬರ್ ಹಾಕಿಸಿ.

ಹಂತ 6: ಇರುವ ಲೈನನ್ನು ಪಳಗಿಸಿ

ಪಿಂಗ್ ಓಡುತ್ತಿರುವಾಗ ಒಂದು ದೊಡ್ಡ ವಿಡಿಯೋ ಅಪ್‌ಲೋಡ್ ಮಾಡಿ ನೋಡಿ. 40 ಮಿಲಿಸೆಕೆಂಡ್ ಇದ್ದದ್ದು 800, 1,000 ಆಯಿತೇ? ಹಾಗಿದ್ದರೆ ನಿಮ್ಮದು ಬಫರ್‌ಬ್ಲೋಟ್ ಎಂಬ ರೋಗ. ಒಂದೇ ಗಾಡಿ ಹಿಡಿಯುವ ಓಣಿಯಲ್ಲಿ ಲಾರಿಗಳು ಸಾಲಾಗಿ ನಿಂತರೆ ಹಿಂದಿನ ಸೈಕಲ್ಲಿನವನೂ ಕಾಯಬೇಕಲ್ಲ, ಹಾಗೆ ನಿಮ್ಮ ಪುಟ್ಟ ವಿಡಿಯೋ ಕರೆಯ ತುಣುಕುಗಳು ದೊಡ್ಡ ಫೈಲಿನ ಹಿಂದೆ ಸಿಕ್ಕಿಕೊಳ್ಳುತ್ತವೆ. ಅಪ್‌ಲೋಡ್ ಕಿರಿದಾದ ಹಳ್ಳಿ ಲೈನ್‌ಗಳಲ್ಲಿ ಇದು ಜಾಸ್ತಿ. ಮನೆಯ ಯಾರದೋ ಫೋನು ಫೋಟೋಗಳನ್ನು ಸದ್ದಿಲ್ಲದೆ ಕ್ಲೌಡ್‌ಗೆ ಏರಿಸುತ್ತಿರುತ್ತದೆ, ಇನ್ಯಾರದೋ ಪಾಠ ನಿಂತುಹೋಗುತ್ತದೆ.

ಸುಲಭ ಮದ್ದು, ಫೋಟೋ ಬ್ಯಾಕಪ್ ಮತ್ತು ಅಪ್‌ಡೇಟ್‌ಗಳನ್ನು ನಡುರಾತ್ರಿಗೆ ತಳ್ಳುವುದು. ಸರಿಯಾದ ಮದ್ದು ಎಸ್‌ಕ್ಯೂಎಂ ಇರುವ ರೌಟರ್. ಅದು ಸಾಲನ್ನು ಜಾಣತನದಿಂದ ನಡೆಸಿ ಚಿಕ್ಕವರಿಗೆ ದಾರಿ ಬಿಡುತ್ತದೆ. ಓಪನ್‌ಡಬ್ಲ್ಯೂಆರ್‌ಟಿ ಎಂಬ ಉಚಿತ ರೌಟರ್ ತಂತ್ರಾಂಶದಲ್ಲಿ ಇದು ಸಿಗುತ್ತದೆ. ನಿಮ್ಮ ಲೈನಿನ ನಿಜವಾದ ವೇಗದ ಶೇಕಡ 85–90ರಷ್ಟನ್ನು ಮಿತಿಯಾಗಿ ಹಾಕಿ. ಸಿಮ್ ರೌಟರ್ ಆದರೆ ರಾತ್ರಿಯ ವೇಗ ಹಿಡಿದು ಲೆಕ್ಕ ಹಾಕಿ. ಗರಿಷ್ಠ ವೇಗ ಚೂರು ಕಮ್ಮಿಯಾಗುತ್ತದೆ. ಕರೆ ಮಾತ್ರ ಕಟ್ಟಾಗುವುದಿಲ್ಲ.

ಇನ್ನೊಂದು ಪ್ರಶ್ನೆಯೂ ಪದೇ ಪದೇ ಬರುತ್ತದೆ: ತೋಟದ ಸಿಸಿಟಿವಿ ಹೊರಗಿಂದ ಯಾಕೆ ಕಾಣುವುದಿಲ್ಲ? ರೌಟರ್‌ನಲ್ಲಿ ನಿಮ್ಮ ಹೊರಗಿನ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕದ ಅಂಕಿ ವಿಳಾಸ) 100.64ರಿಂದ 100.127ರ ನಡುವೆ ಶುರುವಾದರೆ ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ ಅಂತ ಅರ್ಥ. ಹೊರಗಿನವರು ನಿಮ್ಮ ಮನೆ ಬಾಗಿಲು ಹುಡುಕಲಾರರು. ತಯಾರಕರ ಕ್ಲೌಡ್ ಮೂಲಕ ನಡೆಯುವ ಕ್ಯಾಮೆರಾ ತೆಗೆದುಕೊಳ್ಳಿ, ಇಲ್ಲವೇ ಕಂಪನಿಯಿಂದ ಸ್ವಂತ ಐಪಿ ಕೇಳಿ.

ಹಂತ 7: ಎರಡನೇ ದಾರಿ

ದುಡಿಮೆ ನೆಟ್ ಮೇಲೆ ನಿಂತಿದ್ದರೆ ಎರಡು ಸಂಪರ್ಕ ಬೇಕು. ಎರಡೂ ದೊಡ್ಡದಿರಬೇಕಿಲ್ಲ. ಫೈಬರ್ ಜೊತೆಗೆ ಒಂದು ಚಿಕ್ಕ ಸಿಮ್ ಪ್ಲಾನ್ ಸಾಕು. ಎರಡು ಲೈನ್ ಹಿಡಿಯುವ ರೌಟರ್ ಒಂದು ಸತ್ತಾಗ ತಾನೇ ಇನ್ನೊಂದಕ್ಕೆ ಹಾರುತ್ತದೆ.

ಇಲ್ಲಿರುವ ಮೋಸದ ಗುಂಡಿ ಒಂದೇ. ಎರಡು ಬೇರೆ ಕಂಪನಿಯ ಸಿಮ್ ಇದ್ದ ಮಾತ್ರಕ್ಕೆ ಎರಡು ದಾರಿ ಆಗುವುದಿಲ್ಲ. ಹಳ್ಳಿಗಳಲ್ಲಿ ಹಲವು ಕಂಪನಿಗಳು ಒಂದೇ ಟವರ್ ಹಂಚಿಕೊಳ್ಳುತ್ತವೆ. ಟವರಿಗೆ ಬರುವ ಫೈಬರ್ ಕೂಡ ಒಂದೇ ಇರಬಹುದು. ರಸ್ತೆ ಅಗೆಯುವ ಯಂತ್ರ ಅದನ್ನು ಕಡಿದರೆ ಎಲ್ಲರೂ ಒಟ್ಟಿಗೆ ಹೋಗುತ್ತಾರೆ. ಮುಂದಿನ ಸಲ ನಿಮ್ಮ ನೆಟ್ ಹೋದಾಗ ಬೇರೆ ಕಂಪನಿಯ ಸಿಮ್ ಇರುವ ನೆರೆಯವರನ್ನು ಕೇಳಿ. ಅವರದ್ದೂ ಅದೇ ನಿಮಿಷಕ್ಕೆ ಹೋಗಿದ್ದರೆ ಆ ಸಿಮ್ ನಿಮಗೆ ಬ್ಯಾಕಪ್ ಆಗುವುದಿಲ್ಲ.

ಹಂತ 8: ಕಂಪನಿಯವರ ಜೊತೆ ಮಾತು

"ನೆಟ್ ಬರ್ತಿಲ್ಲ" ಅಂದರೆ "ರೌಟರ್ ಆಫ್ ಮಾಡಿ ಆನ್ ಮಾಡಿ" ಅನ್ನುವ ಉತ್ತರ ಸಿಗುತ್ತದೆ. ಅದರ ಬದಲು ಹೀಗೆ ಹೇಳಿ: "ಲ್ಯಾನ್ ಕೇಬಲ್ ಹಾಕಿ ನೋಡಿದ್ದೇನೆ, ರೌಟರ್‌ವರೆಗೆ ಪ್ಯಾಕೆಟ್ ಲಾಸ್ ಇಲ್ಲ, ಆಚೆಗೆ ಇಷ್ಟು ಇದೆ, ಈ ದಿನಗಳಲ್ಲಿ ಈ ಹೊತ್ತಿಗೆ." ಹಂತ 1ರ ಪಟ್ಟಿಯ ಫೋಟೋ ಕಳಿಸಿ. ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ಸಂಖ್ಯೆ ಇಲ್ಲದ ದೂರು ಕೊಟ್ಟಂತಲ್ಲ. ಸರಿ ಮಾಡದೆಯೇ ದೂರು ಮುಚ್ಚಿದರೆ ಹಳೆಯ ಸಂಖ್ಯೆ ಹೇಳಿ ಮತ್ತೆ ತೆರೆಸಿ, ಮೇಲಿನವರಿಗೆ ಕಳಿಸಿ. ಟೆಲಿಕಾಂ ನಿಯಂತ್ರಕರ ಬಳಿ ಹೋಗುವುದಿದ್ದರೆ ಕೇಳುವುದು ಇದೇ ದಾಖಲೆಗಳನ್ನು.

ಊರಿಗೆ ಫೈಬರ್ ಇನ್ನೂ ಬಂದಿಲ್ಲದಿದ್ದರೆ ಒಬ್ಬರೇ ಕೇಳಬೇಡಿ. ಒಂದು ಮನೆಗಾಗಿ ಯಾರೂ ಕಿಲೋಮೀಟರ್‌ಗಟ್ಟಲೆ ಕೇಬಲ್ ಎಳೆಯುವುದಿಲ್ಲ. ಇಪ್ಪತ್ತು ಮನೆಯವರ ಸಹಿ, ಜೊತೆಗೆ ಶಾಲೆ, ಆಸ್ಪತ್ರೆಗಳ ಹೆಸರು ಇದ್ದರೆ ಲೆಕ್ಕ ಬೇರೆ. ಯಾರೂ ಬರದಿದ್ದಾಗ ತಾವೇ ಜಾಲ ಕಟ್ಟಿಕೊಂಡ ಹಳ್ಳಿಗರೂ ಇದ್ದಾರೆ. ಸ್ಪೇನಿನ ಕ್ಯಾಟಲೋನಿಯಾದಲ್ಲಿ 2004ರಲ್ಲಿ ಶುರುವಾದ ಗುಯಿಫಿ ಜಾಲ ಮಾಡಿನಿಂದ ಮಾಡಿಗೆ ರೇಡಿಯೋ ಜೋಡಿಸುತ್ತಾ ಬೆಳೆಯಿತು. ಇಂಗ್ಲೆಂಡಿನ ಲ್ಯಾಂಕಾಶೈರ್ ಹಳ್ಳಿಗಳಲ್ಲಿ ಬಿ4ಆರ್‌ಎನ್ ಎಂಬ ಸಂಸ್ಥೆ 2011ರಲ್ಲಿ ಹುಟ್ಟಿತು. ಅಲ್ಲಿ ರೈತರು ತಮ್ಮ ಹೊಲಗಳಲ್ಲಿ ಫೈಬರ್ ಹಾಯಲು ಜಾಗ ಬಿಟ್ಟುಕೊಟ್ಟರು, ಊರವರೇ ಗುಂಡಿ ತೋಡಿದರು, ಮನೆಗಳಿಗೆ 1 ಗಿಗಾಬಿಟ್ ವೇಗ ಬಂತು. ಇದು ದೊಡ್ಡ ಕೆಲಸ, ನಿಮ್ಮ ಕಡೆಯ ಪರವಾನಗಿ ನಿಯಮ ನೋಡದೆ ಕೈ ಹಾಕುವಂಥದ್ದಲ್ಲ.

ಹೊಸ ಸಂಪರ್ಕಕ್ಕೆ ಸಹಿ ಹಾಕುವ ಮುಂಚೆ ನಾಲ್ಕು ಮಾತು ಬರವಣಿಗೆಯಲ್ಲಿ ಕೇಳಿ. ಕನಿಷ್ಠ ವೇಗ ಎಷ್ಟು, ಡೇಟಾ ಮಿತಿ ಎಷ್ಟು, ಕೇಬಲ್ ತುಂಡಾದರೆ ಎಷ್ಟು ದಿನದಲ್ಲಿ ಜೋಡಿಸುತ್ತೀರಿ, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು. ವರ್ಷದ ಹಣ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅಂತ ಆಸೆ ತೋರಿಸುತ್ತಾರೆ. ಮೊದಲ ಸಲ ಒಂದೇ ತಿಂಗಳದ್ದು ಕಟ್ಟಿ. ಹೊಸದು ಕೆಲವು ಸಂಜೆ, ಒಂದು ಜೋರು ಮಳೆ, ಒಂದು ಕರೆಂಟ್ ಕಟ್ ದಾಟುವ ತನಕ ಹಳೆಯದನ್ನು ತೆಗೆಸಬೇಡಿ. ತೆಗೆಸುವಾಗ ಅವರ ರೌಟರ್ ವಾಪಸ್ ಕೊಟ್ಟು ರಸೀದಿ ಪಡೆದಿಟ್ಟುಕೊಳ್ಳಿ.